ಸೋರುವ ಮಾಳಿಗೆಗೆ ಮೇಸ್ತ್ರಿಯನ್ನು ಹುಡುಕಿದ ಬಗೆ

ಕೋಲಾರದ ಹಳೆಯ ಪೇಟೆಯಲ್ಲಿರುವ ನಮ್ಮ ಮನೆಗೆ ಎರಡು ಬಗೆಯ ಮಾಳಿಗೆಯಿದೆ. ಬೀದಿಯ ಕಡೆಯ ಪಡಸಾಲೆ ಮತ್ತು ದೇವರ ಕೋಣೆಯ ಮೇಲಿರುವುದು ನನ್ನ ಮಾವನವರ ತಂದೆ ಹಾಕಿಸಿದ ಕಲ್ಲು ಚಪ್ಪಡಿ; ಹಿಂದಿನ ಅಡುಗೆಮನೆ ಮತ್ತು ಎರಡು ಕೋಣೆಗಳ ಮೇಲಿರುವುದು 1994ರಲ್ಲಿ ಮಾವನವರು ಹಾಕಿಸಿದ, ಕಬ್ಬಿಣದ ಕಂಬಿ ಕಟ್ಟಿ ಕಾಂಕ್ರೀಟು ಸುರಿದ ಆರ್‌ಸಿಸಿ ಮೋಲ್ಡ್. ಮಳೆ ಕಡಿಮೆಯಾದ ಈ ಊರಿನಲ್ಲಿ ಮಾಳಿಗೆಯ ಬಗ್ಗೆ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆಯಲ್ಲಿ ಜನರ ಚಿಂತೆಯೆಲ್ಲ ಕೆರೆ ತುಂಬಿತೇ, ಕೊಳವೆಬಾವಿಗೆ ನೀರು ಬಂತೇ ಎಂಬುದರ ಸುತ್ತಲೇ ಇರುತ್ತದೆ. 2021ರ ನವೆಂಬರ್‌ನಲ್ಲಿ ದಿನಗಟ್ಟಲೆ ಮಳೆ ಹಿಡಿದು, ಎಷ್ಟೋ ವರ್ಷ ಒಣಗಿದ್ದ ಕೆರೆಗಳು ಕೋಡಿ ಹರಿದಾಗ ಊರಿಗೆ ಊರೇ ನೋಡಲು ಹೋಗಿ ಸಂತೋಷಪಟ್ಟಿತು. ಅದೇ ವಾರ ನಮ್ಮ ಮನೆಯೊಳಗೆ ಆರು ಕಡೆ ಪಾತ್ರೆ ಇಡಬೇಕಾಯಿತು.

ಆ ಗಾಬರಿಯಲ್ಲಿ ನಾವು ಮೊದಲು ಸಿಕ್ಕ ಕಂಟ್ರಾಕ್ಟರನ್ನೇ ಕರೆದೆವು. ಅವರು ಪಡಸಾಲೆಯಲ್ಲಿ ನಿಂತು ಮೇಲೆ ನೋಡಿದರು, ಅಡುಗೆಮನೆಯಲ್ಲಿ ನಿಂತು ಮೇಲೆ ನೋಡಿದರು, ಮೆಟ್ಟಿಲು ಹತ್ತಿ ತಾರಸಿಯ ಬಾಗಿಲಿನಲ್ಲೇ ನಿಂತು ಒಮ್ಮೆ ಕಣ್ಣು ಹಾಯಿಸಿದರು, ಐದು ನಿಮಿಷದೊಳಗೆ ಚದರಡಿಗೆ ಇಷ್ಟು ಎಂದು ದರ ಹೇಳಿದರು. ಕಲ್ಲಿನ ಭಾಗದ ಮೇಲೆ ಎರಡಂಗುಲ ಕಾಂಕ್ರೀಟು, ಅದರ ಮೇಲೂ ಮೋಲ್ಡಿನ ಮೇಲೂ ಬಿಳಿಯ ವಾಟರ್‌ಪ್ರೂಫ್ ಬಣ್ಣ, ಹತ್ತು ವರ್ಷ ಗ್ಯಾರಂಟಿ ಎಂದರು. ಅರ್ಧಕ್ಕಿಂತ ಹೆಚ್ಚು ಹಣವನ್ನು ಮೊದಲೇ ಕೊಟ್ಟೆವು, ಉಳಿದದ್ದನ್ನು ಕೆಲಸ ಮುಗಿದ ಸಂಜೆಯೇ ಕೊಟ್ಟೆವು, ಎರಡು ಸಲವೂ ರಸೀದಿ ಕೇಳಲಿಲ್ಲ. 2022ರ ಮಳೆಯಲ್ಲಿ ಅದೇ ಆರು ಜಾಗಗಳಲ್ಲಿ ನೀರು ತೊಟ್ಟಿಕ್ಕಿತು. ಅಷ್ಟೇ ಆಗಿದ್ದರೆ ಹಣ ಹೋಯಿತೆಂದು ಸುಮ್ಮನಿರಬಹುದಾಗಿತ್ತು. ಪಡಸಾಲೆಯ ಒಂದು ಚಪ್ಪಡಿಯ ಅಡಿಯಲ್ಲಿ, ನಡುಮಧ್ಯಕ್ಕೆ ಅಡ್ಡಲಾಗಿ, ಕೂದಲೆಳೆಯಷ್ಟು ಸಣ್ಣ ಬಿರುಕು ಕಾಣಿಸಿಕೊಂಡಿತ್ತು. ಎಂಬತ್ತು ದಾಟಿದ ಮಾವನವರು ಆ ಬಿರುಕಿನ ಕೆಳಗೆ ಹಾಕಿದ್ದ ತಮ್ಮ ಮಂಚವನ್ನು ತಾವೇ ಎಳೆದು ಬೇರೆ ಕಡೆ ಹಾಕಿಕೊಂಡಿದ್ದರು.

ಆ ಬಿರುಕಿನ ಕಾರಣ ನನಗೆ ಆಮೇಲೆ ಅರ್ಥವಾಯಿತು. ನಮ್ಮ ಸೀಮೆಯ ಕಲ್ಲು ಎಷ್ಟು ಭಾರವನ್ನಾದರೂ ಮೈಮೇಲೆ ಹೊರುತ್ತದೆ, ಅದಕ್ಕೇ ಕಂಬಕ್ಕೂ ಗೋಡೆಗೂ ಅದು ಹೇಳಿ ಮಾಡಿಸಿದ ವಸ್ತು. ಆದರೆ ಎರಡು ತುದಿಗಳಲ್ಲಿ ಮಾತ್ರ ಆಧಾರವಿರುವ ಚಪ್ಪಡಿಯ ಮೇಲೆ ಭಾರ ಬಿದ್ದಾಗ ಅದರ ತಳಭಾಗ ಹಿಗ್ಗಲು ನೋಡುತ್ತದೆ, ಆ ಎಳೆತವನ್ನು ಕಲ್ಲು ತಾಳುವುದಿಲ್ಲ. ಒಳಗೆ ಕಬ್ಬಿಣವಿರುವ ಮೋಲ್ಡ್ ಮುರಿಯುವ ಮೊದಲು ಬಾಗಿ ಸೂಚನೆ ಕೊಡುತ್ತದೆ. ಕಲ್ಲು ಬಾಗುವುದಿಲ್ಲ, ಒಂದೇ ಸಲ ಒಡೆಯುತ್ತದೆ. ಒಂದು ಚದರ, ಅಂದರೆ ನೂರು ಚದರಡಿಯ ಮೇಲೆ ಎರಡಂಗುಲ ಕಾಂಕ್ರೀಟು ಹಾಕಿದರೆ ಒಂದು ಟನ್ನಿಗೂ ಮಿಕ್ಕಿದ ಭಾರವಾಗುತ್ತದೆ. ನಮ್ಮ ಪಡಸಾಲೆಯ ಭಾಗವೇ ಎರಡೂವರೆ ಚದರವಿದೆ. ಸೋರಿಕೆ ನಿಲ್ಲಿಸುತ್ತೇನೆಂದು ಬಂದವರು ನಮ್ಮ ತಲೆಯ ಮೇಲೆ ಸುಮಾರು ಮೂರು ಟನ್ ಹೇರಿ ಹೋಗಿದ್ದರು.

ಎರಡನೆಯ ಸಲ ಅವಸರ ಮಾಡಬಾರದೆಂದು ನಿಶ್ಚಯಿಸಿ, ಮಳೆಗಾಲ ಪೂರ್ತಿ ಕಳೆಯುವವರೆಗೆ ಕಾದು, ಸಂಕ್ರಾಂತಿ ಮುಗಿದ ಮೇಲೆ ಹುಡುಕಾಟ ಆರಂಭಿಸಿದೆ. ನಮ್ಮಲ್ಲಿ ಮಾಳಿಗೆಯ ಕೆಲಸಕ್ಕೆ ಜನವರಿ ಕೊನೆಯಿಂದ ಮಾರ್ಚ್‌ವರೆಗಿನ ಕಾಲವೇ ಒಳ್ಳೆಯದು. ಚಪ್ಪಡಿಯೂ ಗೋಡೆಯೂ ಚೆನ್ನಾಗಿ ಒಣಗಿರುತ್ತವೆ, ಏಪ್ರಿಲ್‌ನ ಬಿಸಿಲಿಗೆ ಹಸಿ ಗಾರೆ ಬಿರಿಯುವ ಭಯವಿರುವುದಿಲ್ಲ, ಮೇ ತಿಂಗಳ ಆಲಿಕಲ್ಲು ಮಳೆಗೆ ಇನ್ನೂ ಸಮಯವಿರುತ್ತದೆ. ಮಳೆ ಸುರಿಯುವಾಗ ಕರೆದರೆ ಬರುವವರೆಲ್ಲ ಅವಸರದಲ್ಲಿರುತ್ತಾರೆ, ಕರೆದವರಂತೂ ಇನ್ನೂ ಅವಸರದಲ್ಲಿರುತ್ತಾರೆ.

ಬಂಧುಗಳನ್ನೂ, ಶಾಲೆಯ ಸಹೋದ್ಯೋಗಿಗಳನ್ನೂ, ಸಿಮೆಂಟು ಅಂಗಡಿಯವರನ್ನೂ ವಿಚಾರಿಸಿದೆ. ಹೆಸರು ಹೇಳಿದ ಪ್ರತಿಯೊಬ್ಬರಿಗೂ ನಾನು ಕೇಳಿದ್ದು ಒಂದೇ ಪ್ರಶ್ನೆ: ಅವರು ಕೆಲಸ ಮಾಡಿ ಎರಡು ಮಳೆಗಾಲ ಕಳೆದಿರುವ ಮನೆ ಯಾವುದು? ಮೊನ್ನೆ ಮುಗಿದ ತಾರಸಿ ಯಾರು ಮಾಡಿದ್ದಾದರೂ ಚೆನ್ನಾಗಿಯೇ ಕಾಣುತ್ತದೆ. ಎರಡು ಮಳೆಗಾಲ ಮತ್ತು ನಡುವಿನ ಬೇಸಗೆ ಕಂಡ ತಾರಸಿಯಲ್ಲಿ ಪದರ ಎಲ್ಲಿ ಎದ್ದಿದೆ, ಮೂಲೆಯಲ್ಲಿ ಎಲ್ಲಿ ಬಿರುಕು ಬಿಟ್ಟಿದೆ ಎಂಬುದು ಕಾಣುತ್ತದೆ, ಒಳಗಿನ ಸೂರಿನ ಕಲೆ ಒಣಗಿದೆಯೋ ಹಸಿಯಾಗಿದೆಯೋ ಎಂಬುದನ್ನು ಆ ಮನೆಯವರೇ ಹೇಳುತ್ತಾರೆ. ಹಾಗೆ ನಾಲ್ಕು ಮನೆಗಳನ್ನು ನೋಡಿ ಬಂದ ಮೇಲೆ ಮೂವರನ್ನು ಮನೆಗೆ ಕರೆಸಿದೆ.

ಮೂವರ ಲೆಕ್ಕವೂ ಮೂರು ರೀತಿಯಲ್ಲಿತ್ತು. ಒಬ್ಬರು ಚದರಡಿಗೆ ದರ ಹೇಳಿದರು, ಆದರೆ ಪ್ಯಾರಾಪೆಟ್ ಗೋಡೆಯ ಒಳಮೈಯನ್ನು ಅದರಲ್ಲಿ ಸೇರಿಸಿರಲಿಲ್ಲ. ಇನ್ನೊಬ್ಬರು ಎಲ್ಲ ಸೇರಿ ಇಷ್ಟು ಎಂದು ಒಂದೇ ಮೊತ್ತ ಹೇಳಿದರು. ಎಲ್ಲ ಅಂದರೆ ಏನೇನು ಎಂದು ಕೇಳಿದಾಗ ಉತ್ತರ ಸ್ಪಷ್ಟವಾಗಿರಲಿಲ್ಲ. ಇವೆರಡನ್ನೂ ಪಕ್ಕಪಕ್ಕ ಇಟ್ಟು ಯಾವುದು ಅಗ್ಗವೆಂದು ನೋಡುವುದರಲ್ಲಿ ಅರ್ಥವೇ ಇಲ್ಲ.

ಮೂರನೆಯವರು ಮುಳಬಾಗಿಲಿನ ಕಡೆಯ ಮೇಸ್ತ್ರಿ, ಐವತ್ತರ ಆಸುಪಾಸಿನವರು. ಅವರು ಬಂದ ದಿನ ದರದ ಮಾತೇ ಬರಲಿಲ್ಲ. ಮೊದಲು ಮಾವನವರ ಎದುರಿಗೆ ಕುಳಿತು, “ಯಜಮಾನ್ರೇ, ಮಳೆ ಹಿಡಿದ ಎಷ್ಟು ಹೊತ್ತಿಗೆ ತೊಟ್ಟಿಕ್ಕುತ್ತೆ? ಮಳೆ ನಿಂತ ಮೇಲೆ ಎಷ್ಟು ಹೊತ್ತು ಬೀಳುತ್ತೆ?” ಎಂದು ಕೇಳಿದರು. ಪಡಸಾಲೆಯಲ್ಲಿ ಮಳೆ ಹಿಡಿದ ಅರ್ಧ ಗಂಟೆಗೇ ಬೀಳುತ್ತದೆ, ಅಡುಗೆಮನೆಯಲ್ಲಿ ಮಾರನೆಯ ದಿನ ಆರಂಭವಾಗಿ ಮಳೆ ನಿಂತ ಮೇಲೂ ಎರಡು ದಿನ ಜಿನುಗುತ್ತದೆ ಎಂದು ಮಾವನವರು ನೆನಪಿಸಿಕೊಂಡು ಹೇಳಿದರು. ಮೇ ತಿಂಗಳ ಬಿರುಮಳೆಗೆ ಅಡುಗೆಮನೆ ಸೋರುವುದೇ ಇಲ್ಲವೆಂಬುದೂ ಆಗಲೇ ಅವರಿಗೆ ಹೊಳೆಯಿತು. ಮೇಸ್ತ್ರಿ ತಲೆಯಾಡಿಸಿ, “ಹಾಗಾದ್ರೆ ಇದು ಎರಡು ಬೇರೆ ಬೇರೆ ಕಾಯಿಲೆ” ಎಂದರು. ಒಂದು ಗಂಟೆ ಸುರಿದು ಹೋಗುವ ಮಳೆಯ ನೀರು ಮೋಲ್ಡಿನೊಳಗೆ ಇಳಿಯುವ ಮೊದಲೇ ಹರಿದುಹೋಗುತ್ತದೆ. ಚಿತ್ತಾ, ಸ್ವಾತಿಯಲ್ಲಿ ಎರಡು ಮೂರು ದಿನ ಬಿಡದೆ ಹಿಡಿಯುವ ಸೋನೆ ತಾರಸಿಯ ಮೇಲೆ ನಿಂತು, ನಿಧಾನವಾಗಿ ಒಳಗಿಳಿಯುತ್ತದೆ. ತಟ್ಟನೆ ಸೋರುವ ಕಡೆ ತೆರೆದ ಸಂದು ಇರುತ್ತದೆ, ತಡವಾಗಿ ಸೋರುವ ಕಡೆ ನೀರು ನಿಲ್ಲುವ ತಗ್ಗು ಇರುತ್ತದೆ.

ಆಮೇಲೆ ಅವರು ಚಪ್ಪಲಿ ಬಿಟ್ಟು ತಾರಸಿಗೆ ಹತ್ತಿ, ಸಣ್ಣ ಸುತ್ತಿಗೆಯಿಂದ ಅಡಿಗೊಮ್ಮೆ ತಟ್ಟುತ್ತಾ ಉದ್ದಕ್ಕೂ ಕುಕ್ಕರಗಾಲಿನಲ್ಲೇ ಸಾಗಿದರು. ಗಟ್ಟಿ ಇರುವ ಕಡೆ ಟಣ್ ಎಂಬ ಸದ್ದು, ಪದರ ಬಿಟ್ಟುಕೊಂಡಿರುವ ಕಡೆ ಒಣಗಿದ ಸೋರೆಬುರುಡೆಯನ್ನು ತಟ್ಟಿದಂಥ ಟೊಳ್ಳು ಸದ್ದು. ಟೊಳ್ಳಾದ ಕಡೆಯೆಲ್ಲ ಸೀಮೆಸುಣ್ಣದಿಂದ ಗೆರೆ ಎಳೆದರು. ಮುಗಿಯುವ ಹೊತ್ತಿಗೆ ಆ ಬಿಳಿಯ ಬಣ್ಣದ ತಾರಸಿ ಗಡಿರೇಖೆಗಳಿರುವ ಭೂಪಟದಂತೆ ಕಾಣುತ್ತಿತ್ತು. ನಂತರ ಒಂದೊಂದೇ ಭಾಗಕ್ಕೆ, ತಗ್ಗಿನ ಕಡೆಯಿಂದ ಮೇಲಿನ ಕಡೆಗೆ, ಪೈಪಿನಿಂದ ನೀರು ಬಿಟ್ಟು, ಪ್ರತಿಯೊಂದಕ್ಕೂ ಅರ್ಧ ಗಂಟೆ ಕಾದು, ಒಳಗೆ ನಿಂತಿದ್ದ ನನ್ನನ್ನು ಕೂಗಿ ಕೇಳುತ್ತಿದ್ದರು. ಪಡಸಾಲೆಯ ನಟ್ಟನಡುವೆ ಬೀಳುತ್ತಿದ್ದ ನೀರು ತಾರಸಿಯ ನಡುವಿನಿಂದ ಬರುತ್ತಿರಲಿಲ್ಲ. ಕಲ್ಲಿನ ಮಾಳಿಗೆಯೂ ಮೋಲ್ಡೂ ಕೂಡುವ ಗೆರೆಯಲ್ಲಿ ಒಳಹೊಕ್ಕು, ಹೊಸ ಕಾಂಕ್ರೀಟಿನ ಅಡಿಯಲ್ಲೇ ಏಳೆಂಟು ಅಡಿ ಹರಿದು, ಚಪ್ಪಡಿಗಳ ಸಂದು ಸಿಕ್ಕ ಕಡೆ ಕೆಳಗಿಳಿಯುತ್ತಿತ್ತು. ಪ್ಯಾರಾಪೆಟ್ಟಿನ ಬುಡದಲ್ಲಿ ಅರಳಿ ಸಸಿಯೊಂದರ ಬೇರು ಗೋಡೆಯೊಳಗೆ ಇಳಿದಿತ್ತು. ಸೋಲಾರ್ ಹೀಟರಿನ ಕಾಲುಗಳಿಗಾಗಿ ಕೊರೆದ ನಾಲ್ಕು ತೂತುಗಳು ತೆರೆದೇ ಇದ್ದವು. ಮೋಲ್ಡಿನ ನೀರು ಹೊರಹೋಗುವ ಪೈಪಿನ ಬಾಯಿ ತಾರಸಿಯ ಮಟ್ಟಕ್ಕಿಂತ ಅರ್ಧ ಅಂಗುಲ ಮೇಲಿತ್ತು. ಅಷ್ಟನ್ನು ನೋಡಲು ಅವರಿಗೆ ಒಂದು ಪೂರ್ತಿ ಮಧ್ಯಾಹ್ನ ಬೇಕಾಯಿತು. ಕೆಲಸವನ್ನು ಇವರಿಗೇ ಕೊಡಬೇಕೆಂದು ನಾನು ತೀರ್ಮಾನಿಸಿದ್ದು ಆಗಲೇ, ದರ ಕೇಳುವ ಮೊದಲು.

ದರ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚೇ ಇತ್ತು, ಚೌಕಾಸಿ ಮಾಡಿದ ಮೇಲೂ ಹೆಚ್ಚು ಇಳಿಯಲಿಲ್ಲ. ಆದರೆ ಒಂದು ಹಾಳೆಯ ಮೇಲೆ ಎಲ್ಲವನ್ನೂ ಕನ್ನಡದಲ್ಲಿ ಬರೆದುಕೊಳ್ಳೋಣ ಎಂದಾಗ ಅವರು ಬೇಸರಪಡಲಿಲ್ಲ. ಇಬ್ಬರೂ ಟೇಪು ಹಿಡಿದು ಅಳೆದ ವಿಸ್ತೀರ್ಣ, ಪ್ಯಾರಾಪೆಟ್ಟಿನ ಒಳಮೈ ಒಂದಡಿ ಎತ್ತರದವರೆಗೆ ಸೇರಿದೆಯೆಂಬ ಮಾತು, ಯಾವ ಕಂಪನಿಯ ಯಾವ ಸರಕು, ಎಷ್ಟು ಪದರ, ಒಡೆದ ಕಾಂಕ್ರೀಟನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸುವ ಖರ್ಚು ಯಾರದು, ಕ್ಯೂರಿಂಗಿಗೆ, ಅಂದರೆ ಹೊಸ ಗಾರೆ ಗಟ್ಟಿಯಾಗುವವರೆಗೆ, ನೀರು ಹಾಕುವವರು ಯಾರು, ಇವೆಲ್ಲ ಅದರಲ್ಲಿದ್ದವು. ಜಗಳವಾಗುವುದು ಸಾಮಾನ್ಯವಾಗಿ ದೊಡ್ಡ ವಿಷಯಕ್ಕಲ್ಲ, ಬಾಗಿಲ ಮುಂದೆ ಬಿದ್ದಿರುವ ಒಡೆದ ಗಾರೆಯ ರಾಶಿಯನ್ನು ಯಾರು ತೆಗೆಯಬೇಕು ಎಂಬಂಥ ವಿಷಯಕ್ಕೆ.

ಹಣದ ಕಂತುಗಳ ಬಗ್ಗೆ ನಾನು ಯೋಚಿಸಿಕೊಂಡಿದ್ದ ಲೆಕ್ಕವನ್ನು ಮೇಸ್ತ್ರಿಯೇ ತಿದ್ದಿದರು. ಮುಂಗಡವಾಗಿ ಕಾಲುಭಾಗ ಸಾಕು, ಆದರೆ ಆಳುಗಳಿಗೆ ಪ್ರತಿ ಶನಿವಾರ ಬಟವಾಡೆ ಮಾಡಲೇಬೇಕು, ಆದ್ದರಿಂದ ಆಯಾ ವಾರದ ಕೆಲಸ ನೋಡಿ ಶನಿವಾರ ಮಧ್ಯಾಹ್ನದೊಳಗೆ ಕೊಡಿ ಎಂದರು. ಕಂಟ್ರಾಕ್ಟರುಗಳು ಒಂದು ಮನೆಯ ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದು ಮನೆಗೆ ಹೋಗುವುದು ಬಹಳ ಸಲ ಈ ಶನಿವಾರದ ಹಣಕ್ಕಾಗಿಯೇ. ಇದನ್ನು ತಿಳಿದರೆ ಕೆಲಸ ಕೊಡುವವರಿಗೂ ಅನುಕೂಲ. ಹತ್ತರಲ್ಲಿ ಒಂದು ಭಾಗವನ್ನು ಒಂದು ಮಳೆಗಾಲ ಕಳೆಯುವವರೆಗೆ ಉಳಿಸಿಕೊಳ್ಳುವುದೆಂದು ಬರೆದುಕೊಂಡೆವು. ಸರಕಿನ ಡಬ್ಬದ ಮೇಲಿರುವ ಹತ್ತು ವರ್ಷದ ಮಾತು ಎಷ್ಟು ದೂರ ಬರುತ್ತದೆಂದು ಕೇಳಿದಾಗ, ಅದು ಕಂಪನಿ ತನ್ನ ಸರಕಿನ ಬಗ್ಗೆ ಹೇಳುವ ಮಾತು, ಬಳಿಯುವವನ ಕೈಗೆ ಅದು ಅನ್ವಯಿಸುವುದಿಲ್ಲ ಎಂದು ಅವರೇ ಬಿಡಿಸಿ ಹೇಳಿದರು.

ಕಾಗದದ ಬಗ್ಗೆ ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ಕಟ್ಟುವ ಕೆಲಸವೂ ಸೇವೆಯೆಂಬ ಪದದೊಳಗೆ ಬರುತ್ತದೆ. ಕೆಲಸದಲ್ಲಿ ಲೋಪವಾದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು, ಕೊಟ್ಟ ಹಣ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವೂ ಇಲ್ಲ. ಮೊದಲ ಕಂಟ್ರಾಕ್ಟರ್ ಫೋನ್ ಎತ್ತುವುದನ್ನು ನಿಲ್ಲಿಸಿದಾಗ ನಾನು ಈ ದಾರಿಯನ್ನು ವಿಚಾರಿಸಿದ್ದೆ. ನಮ್ಮ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ, ಹಣವನ್ನೂ ನಗದಾಗಿಯೇ ಕೊಟ್ಟಿದ್ದೆವು, ಹೀಗಾಗಿ ಆ ದಾರಿ ಅಲ್ಲಿಗೇ ಮುಚ್ಚಿತು.

2023ರ ಫೆಬ್ರವರಿಯಲ್ಲಿ ಕೆಲಸ ಆರಂಭವಾಯಿತು. ಕಲ್ಲಿನ ಮೇಲಿನ ಕಾಂಕ್ರೀಟನ್ನು ಯಂತ್ರದಿಂದ ಒಡೆದರೆ ಒಂದು ದಿನದ ಕೆಲಸ. ಆ ಅದುರಿಗೆ ಚಪ್ಪಡಿಗಳು ಬಿರಿಯಬಹುದೆಂದು ಮೇಸ್ತ್ರಿ ಯಂತ್ರವನ್ನು ಮೇಲೆ ಹತ್ತಿಸಲಿಲ್ಲ. ನಾಲ್ಕು ಜನ ಉಳಿ, ಸುತ್ತಿಗೆ ಹಿಡಿದು ಆರು ದಿನ ಕೂತು ತೆಗೆದರು. ಬಿರುಕು ಬಿಟ್ಟ ಚಪ್ಪಡಿಗೆ ಮೊದಲ ದಿನವೇ ಕೆಳಗಿನಿಂದ ಎರಡು ಕಬ್ಬಿಣದ ಊರೆ ನಿಲ್ಲಿಸಿದ್ದರು. ಮೇಲಿನ ಭಾರ ಇಳಿದ ಮೇಲೆ ಅದರ ಅಡಿಗೆ ಕಬ್ಬಿಣದ ತೊಲೆಯೊಂದನ್ನು ಗೋಡೆಯಿಂದ ಗೋಡೆಗೆ ಕೊಟ್ಟು, ಊರೆ ತೆಗೆದರು. ಪ್ಯಾರಾಪೆಟ್ಟಿನ ಅಂಚಿನಲ್ಲಿ ಕೆಲಸ ಮಾಡುವವರು ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳಲೇಬೇಕೆಂದು ಮಾವನವರು ಹಟ ಹಿಡಿದರು, ಅದು ಸರಿಯಾಗಿತ್ತು. ಆಳುಗಳಲ್ಲಿ ಇಬ್ಬರಿಗೆ ಕಾರ್ಮಿಕ ಕಲ್ಯಾಣ ಮಂಡಳಿಯ ಕಾರ್ಡಿತ್ತು, ಇಬ್ಬರಿಗೆ ಇರಲಿಲ್ಲ. ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ್ದರೆ ನೋಂದಾಯಿಸಿಕೊಳ್ಳಬಹುದು ಎಂದು ಹೇಳಿ ಅರ್ಜಿ ತುಂಬಲು ನೆರವಾದೆ; ನಮ್ಮ ಮನೆಯ ಮೇಲೆ ಹತ್ತಿ ನಿಂತವರ ಬಗ್ಗೆ ನಮಗೂ ಅಷ್ಟು ಹೊಣೆಯಿದೆ.

ಕಲ್ಲಿನ ಸಂದುಗಳನ್ನು ಒಂದಂಗುಲ ಆಳಕ್ಕೆ ಕೆರೆದು ಮತ್ತೆ ತುಂಬಿದ್ದು ಸುಣ್ಣದ ಗಾರೆಯಿಂದ. ಹಗಲಿನ ಬಿಸಿಲಿಗೆ ಕಲ್ಲು ಹಿಗ್ಗಿ ರಾತ್ರಿ ಕುಗ್ಗುವಾಗ ಸಿಮೆಂಟು ಗಡುಸಾಗಿ ನಿಂತು ಕಲ್ಲಿನಿಂದ ಬಿಟ್ಟುಕೊಳ್ಳುತ್ತದೆ, ಸುಣ್ಣ ಸ್ವಲ್ಪ ಹೊಂದಿಕೊಂಡು ಹೋಗುತ್ತದೆ. ಎರಡು ವಾರ ಮೊದಲೇ ಸುಣ್ಣವನ್ನು ನೆನೆಹಾಕಿದ್ದರು. ಮರಳಿನ ಜೊತೆ ಇಟ್ಟಿಗೆ ಪುಡಿ ಬೆರೆಸಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರನ್ನು ಹಾಕಿ ಕಲಸುವಾಗ ಹಿತ್ತಲಿನ ತುಂಬ ಹುಳಿಬೆಲ್ಲದ ವಾಸನೆ ಹರಡಿತ್ತು. ಮಾವನವರು ಕುರ್ಚಿ ಹಾಕಿಸಿಕೊಂಡು ಅಲ್ಲಿಯೇ ಕುಳಿತು, ತಾವು ಹುಡುಗರಾಗಿದ್ದಾಗ ಎತ್ತು ಕಟ್ಟಿ ಗಾರೆ ಅರೆಯುತ್ತಿದ್ದ ಗಾಣದ ಬಗ್ಗೆ ಆಳುಗಳಿಗೆ ಹೇಳುತ್ತಿದ್ದರು.

ಮೋಲ್ಡಿನ ಭಾಗದ ಕೆಲಸ ಬೇರೆಯೇ. ಅಡುಗೆಮನೆಯ ಸೂರಿನಲ್ಲಿ ಚೆಕ್ಕೆ ಎದ್ದು ಕಬ್ಬಿಣ ಕಾಣುತ್ತಿದ್ದ ಕಡೆ, ಮೇಲಿಂದ ಗಾರೆ ಮೆತ್ತಿ ಮುಚ್ಚುವುದನ್ನು ನಾನು ಬೇರೆ ಮನೆಗಳಲ್ಲಿ ನೋಡಿದ್ದೇನೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ತನ್ನ ಮೇಲಿನ ಕಾಂಕ್ರೀಟನ್ನು ತಾನೇ ತಳ್ಳುತ್ತದೆ, ಆದ್ದರಿಂದ ಹಾಗೆ ಮೆತ್ತಿದ್ದು ಒಂದೆರಡು ವರ್ಷಕ್ಕೆ ಉದುರುತ್ತದೆ. ಇವರು ಸಡಿಲವಾದದ್ದನ್ನೆಲ್ಲ ಕೆತ್ತಿ, ಕಂಬಿಯ ಹಿಂಬದಿಯವರೆಗೆ ಬಿಡಿಸಿ, ತಂತಿಯ ಬ್ರಷ್‌ನಿಂದ ತುಕ್ಕು ಉಜ್ಜಿ, ತುಕ್ಕು ತಡೆಯುವ ಲೇಪ ಕೊಟ್ಟು, ಆಮೇಲೆ ಪಾಲಿಮರ್ ಬೆರೆಸಿದ ಗಾರೆ ತುಂಬಿದರು. ತಾರಸಿಯ ಮೇಲೆ ಹತ್ತಡಿಗೆ ಒಂದೂಕಾಲು ಅಂಗುಲದಂತೆ ವಾಟ ಕೊಟ್ಟು, ನೀರಿನ ಪೈಪಿನ ಬಾಯಿ ತಗ್ಗಿಸಿ, ಗೋಡೆ ಮತ್ತು ತಾರಸಿ ಸೇರುವ ಮೂಲೆಯನ್ನು ದುಂಡಗೆ ಮಾಡಿ, ಅದಕ್ಕೆ ಜಾಲರಿ ಬಟ್ಟೆ ಅಂಟಿಸಿ, ಮೊದಲ ಪದರವನ್ನು ಉದ್ದಕ್ಕೆ, ಎರಡನೆಯದನ್ನು ಅಡ್ಡಕ್ಕೆ ಬಳಿದರು. ಸಿಮೆಂಟಿನ ಚೀಲದ ಮೇಲೆ ತಯಾರಾದ ವಾರ ಮತ್ತು ವರ್ಷ ಮುದ್ರಿಸಿರುತ್ತಾರೆಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮೂರು ತಿಂಗಳು ದಾಟಿದ ಚೀಲವೊಂದು ಬಂದಿತ್ತು, ಮೇಸ್ತ್ರಿ ಅದನ್ನು ಬಿಚ್ಚದೆ ಅಂಗಡಿಗೆ ಹಿಂದಿರುಗಿಸಿದರು. ಹೊಸ ಗಾರೆಗೆ ಹತ್ತು ದಿನ ಗೋಣಿತಾಟು ಹಾಸಿ ನೀರು ಹಾಕಿದ್ದು ನಾನು ಮತ್ತು ನನ್ನ ಮಗಳು, ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಮತ್ತು ಬಂದ ಮೇಲೆ.

ಕೊನೆಯ ಕಂತಿಗೆ ಮೊದಲು ನೀರು ನಿಲ್ಲಿಸಿ ನೋಡಿದೆವು. ಮೋಲ್ಡಿನ ಮೇಲೆ ಪೈಪಿನ ಬಾಯಿ ಮುಚ್ಚಿ, ಕಲ್ಲಿನ ಭಾಗದ ಕಡೆ ಇಟ್ಟಿಗೆಯ ಸಣ್ಣ ಕಟ್ಟೆ ಕಟ್ಟಿ, ಎರಡಂಗುಲ ನೀರನ್ನು 48 ಗಂಟೆ ನಿಲ್ಲಿಸಿದರು. ಅಷ್ಟು ನೀರೇ ಒಂದು ಚದರಕ್ಕೆ ಸುಮಾರು 470 ಕೆಜಿ ಭಾರವಾಗುವುದರಿಂದ ಕಲ್ಲಿನ ಮೇಲೆ ನಿಲ್ಲಿಸಲು ಮೇಸ್ತ್ರಿ ಒಪ್ಪಲಿಲ್ಲ, ಅಲ್ಲಿ ಪೈಪಿನಿಂದ ಎರಡು ಗಂಟೆ ನೀರು ಹರಿಸಿ ನೋಡಿದರು. ಬಿಸಿಲಿಗೆ ಆರಿದ ನೀರೆಷ್ಟು, ಇಂಗಿದ ನೀರೆಷ್ಟು ಎಂದು ತಿಳಿಯುವುದು ಹೇಗೆಂಬ ಪ್ರಶ್ನೆಗೆ ಮಾವನವರೇ ಉಪಾಯ ಹೇಳಿದರು. ಒಂದು ಅಗಲವಾದ ಬಾಂಡ್ಲಿಯಲ್ಲಿ ನೀರು ತುಂಬಿಸಿ ತಾರಸಿಯ ಮೇಲೆಯೇ ಇಡಿಸಿದರು. ಬಾಂಡ್ಲಿಯಲ್ಲಿಯೂ ಗೋಡೆಯ ಮೇಲೂ ಪೆನ್ಸಿಲ್ಲಿನಿಂದ ನೀರಿನ ಮಟ್ಟದ ಗೆರೆ ಎಳೆದೆವು. ಎರಡು ದಿನದ ನಂತರ ಎರಡೂ ಗೆರೆಗಳಿಂದ ನೀರು ಹೆಚ್ಚುಕಡಿಮೆ ಒಂದೇ ಅಳತೆ ಇಳಿದಿತ್ತು, ಕೆಳಗಿನ ಸೂರು ಒಣಗಿತ್ತು.

ಆ ವರ್ಷ ಮಳೆಯೇ ಕೈಕೊಟ್ಟಿತು. 2023ರಲ್ಲಿ ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತು, ನಾವು ಬರೆದುಕೊಂಡಿದ್ದ ಒಂದು ಮಳೆಗಾಲಕ್ಕೆ ಅರ್ಥವೇ ಉಳಿಯಲಿಲ್ಲ. ಡಿಸೆಂಬರ್‌ನಲ್ಲಿ ಮೇಸ್ತ್ರಿ ಫೋನ್ ಮಾಡಿ, ಮಗಳ ಮದುವೆಯಿದೆ ಎಂದಷ್ಟೇ ಹೇಳಿದರು, ಉಳಿದ ಹಣದ ಮಾತು ಎತ್ತಲಿಲ್ಲ. ಮಳೆ ಬಾರದಿದ್ದುದು ಅವರ ತಪ್ಪಲ್ಲವೆಂದು ಮಾವನವರು ಹಣವನ್ನು ಅಂದೇ ಕಳುಹಿಸಲು ಹೇಳಿದರು, ಕಳುಹಿಸಿದೆ.

2024ರ ಅಕ್ಟೋಬರ್‌ನಲ್ಲಿ ಚಿತ್ತಾ ಮಳೆ ಬಿಡದೆ ಹಿಡಿಯಿತು. ಎರಡನೆಯ ದಿನ ಬೆಳಿಗ್ಗೆ ಕೊಡೆ ಹಿಡಿದು ಬಾಗಿಲಲ್ಲಿ ನಿಂತಿದ್ದವರು ಮೇಸ್ತ್ರಿ, ನಾವು ಕರೆದಿರಲಿಲ್ಲ. ಕಾಫಿ ಆಮೇಲೆ ಎಂದು ನೇರವಾಗಿ ತಾರಸಿಗೆ ಹೋಗಿ, ಪೈಪಿನ ಬಾಯಿಗೆ ಅಡ್ಡಬಿದ್ದಿದ್ದ ಬೇವಿನ ಎಲೆಗಳನ್ನು ಕೈಯಿಂದ ತೆಗೆದು, ಮೂಲೆಗಳನ್ನೆಲ್ಲ ಮುಟ್ಟಿ ನೋಡಿ ಬಂದರು. ಪಡಸಾಲೆಯೂ ಅಡುಗೆಮನೆಯೂ ಒಣಗಿದ್ದವು. ಮೆಟ್ಟಿಲು ಕೋಣೆಯ ಪೂರ್ವದ ಗೋಡೆಯಲ್ಲಿ ಮಾತ್ರ ಅಂಗೈಯಗಲ ತೇವ ಕಾಣುತ್ತಿತ್ತು. ಅದು ನಮ್ಮ ಹಾಳೆಯಲ್ಲಿ ಸೇರಿರದ ಜಾಗ. ಅವರು ಜೇಬಿನಿಂದ ಸೀಮೆಸುಣ್ಣ ತೆಗೆದು ತೇವದ ಸುತ್ತ ಗೆರೆ ಎಳೆದು, ದಿನಾಂಕ ಬರೆದು, “ಇದು ಎಷ್ಟು ಬೆಳೆಯುತ್ತೆ ನೋಡ್ತಿರಿ ಮೇಡಂ, ಸಂಕ್ರಾಂತಿ ಆದ ಮೇಲೆ ಬರ್ತೀನಿ” ಎಂದು ಹೇಳಿ, ಮಾವನವರ ಪಕ್ಕದಲ್ಲಿ ಕಾಫಿಗೆ ಕುಳಿತರು.